ಇಳಿಯುವುದೋ, ಮತ್ತೆ ಏರುವುದೋ? ಸಣ್ಣ ವಿಮಾನಗಳ ಲ್ಯಾಂಡಿಂಗ್ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ತರಬೇತಿ ವಿಮಾನಗಳ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ಬರೆದ ಪುಟ್ಟ ಟಿಪ್ಪಣಿಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಡೆಗೆ ಬೆರಳು ಮಾಡಿವೆ. ಸಣ್ಣ ವಿಮಾನಗಳು ಇಳಿಯುವಾಗಲೇ ಏಕೆ ಇಷ್ಟೊಂದು ಅವಘಡಕ್ಕೆ ಸಿಕ್ಕಿಕೊಳ್ಳುತ್ತವೆ, ಅದರಲ್ಲಿ ಪೈಲಟ್‌ನ ತೀರ್ಮಾನದ ಪಾಲೆಷ್ಟು ಎಂಬುದು ಎಲ್ಲರ ಪ್ರಶ್ನೆ. ಹಲವು ವರ್ಷ ಇನ್‌ಸ್ಟ್ರಕ್ಟರ್ ಆಗಿ ಬಲಗಡೆಯ ಸೀಟಿನಲ್ಲಿ ಕುಳಿತು ಬೇರೆಯವರ ಲ್ಯಾಂಡಿಂಗ್‌ಗಳನ್ನು ಸಹಿಸಿಕೊಂಡವನಾದ್ದರಿಂದ ಉತ್ತರಿಸುವ ಕೆಲಸವನ್ನು ಸಂಪಾದಕರು ನನಗೆ ವಹಿಸಿದ್ದಾರೆ.

ಪ್ರಶ್ನೆ: ನನ್ನ ಮಗಳು ಪಿಯುಸಿ ಮುಗಿಸಿ ಪೈಲಟ್ ತರಬೇತಿಗೆ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ತರಬೇತಿ ವಿಮಾನ ರನ್‌ವೇಯಿಂದ ಜಾರಿತು, ಮೂತಿ ನೆಲಕ್ಕೆ ಬಡಿಯಿತು ಎಂಬ ಸುದ್ದಿಗಳನ್ನು ಆಗಾಗ ಓದಿ ಮನಸ್ಸು ಅಳುಕುತ್ತದೆ. ಇಂಥವುಗಳಿಗೆ ಯಂತ್ರ ಕಾರಣವೋ, ಹಾರಿಸುವವರು ಕಾರಣವೋ?
(ಓದುಗರೊಬ್ಬರು, ತಿಪಟೂರು)

ಉತ್ತರ: ಮೊದಲು ನಿಮ್ಮ ಅಳುಕನ್ನು ಸ್ವಲ್ಪ ಇಳಿಸುವ ಮಾತು ಹೇಳುತ್ತೇನೆ. ಹಗುರ ವಿಮಾನಗಳ ಅಪಘಾತಗಳನ್ನು ವರ್ಷವರ್ಷವೂ ವಿಂಗಡಿಸಿ ಪ್ರಕಟಿಸುವ ಅಮೆರಿಕದ ಲೆಕ್ಕವನ್ನು ನೋಡಿದರೆ, ಸಂಖ್ಯೆಯಲ್ಲಿ ಇಳಿಯುವ ಹಂತದ ಅವಘಡಗಳೇ ಎಲ್ಲಕ್ಕಿಂತ ಮುಂದಿವೆ. ಆದರೆ ಜೀವಹಾನಿಯಲ್ಲಿ ಅವುಗಳ ಪಾಲು ತೀರ ಸಣ್ಣದು. ಆ ಹೊತ್ತಿಗೆ ವಿಮಾನದ ವೇಗ ಕಡಿಮೆಯಾಗಿರುತ್ತದೆ, ನೆಲ ಕೈಗೆಟಕುವಷ್ಟು ಹತ್ತಿರವಿರುತ್ತದೆ, ಮತ್ತು ರೆಕ್ಕೆಗಳು ಬಹುಮಟ್ಟಿಗೆ ಸಮವಾಗಿರುತ್ತವೆ. ಹೀಗಾಗಿ ಮುಂದಿನ ಚಕ್ರದ ಕಾಲು ಮುರಿದು ಪ್ರೊಪೆಲರ್ ಬಾಗಿದರೂ ಒಳಗಿದ್ದವರು ತಾವೇ ಬಾಗಿಲು ತೆಗೆದು ಇಳಿದು ನಡೆದುಬರುವುದೇ ಹೆಚ್ಚು.

ಯಂತ್ರ ಕೈಕೊಡುವುದಿಲ್ಲವೆಂದಲ್ಲ. ಟೈರ್ ಒಡೆಯುತ್ತದೆ, ಬ್ರೇಕ್ ಒಂದೇ ಬದಿಗೆ ಎಳೆಯುತ್ತದೆ. ಆದರೆ ಬಹುಪಾಲು ಪ್ರಕರಣಗಳಲ್ಲಿ ನೆಲಕ್ಕೆ ಬಡಿಯುವ ಘಳಿಗೆಯವರೆಗೂ ವಿಮಾನ ನೆಟ್ಟಗೇ ಇರುತ್ತದೆ. ಎಡವಟ್ಟಾಗುವುದು ವೇಗದ ಲೆಕ್ಕ, ಗಾಳಿಯ ಅಂದಾಜು ಮತ್ತು “ಇರಲಿ, ಇಳಿಸಿಬಿಡೋಣ” ಎಂಬ ಮನಸ್ಸಿನಲ್ಲಿ.

ವೇಗದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1956ರಲ್ಲಿ ಮಾರುಕಟ್ಟೆಗೆ ಬಂದು, ಇದುವರೆಗೆ 44,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿರುವ ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನವನ್ನೇ ತೆಗೆದುಕೊಳ್ಳಿ. ನಿಮ್ಮ ಮಗಳು ಕಲಿಯಲು ಹೋದರೆ ಬಹುಶಃ ಇದನ್ನೋ ಇದರ ಎರಡು ಸೀಟಿನ ತಮ್ಮನಾದ ಸೆಸ್ನಾ 152 ಅನ್ನೋ ಹಾರಿಸುತ್ತಾಳೆ. ಇದನ್ನು ಸುಮಾರು 65 ನಾಟ್ ವೇಗದಲ್ಲಿ, ಎಂದರೆ ಗಂಟೆಗೆ 120 ಕಿಲೋಮೀಟರ್‌ನಂತೆ, ರನ್‌ವೇಯ ಕಡೆಗೆ ತರುತ್ತಾರೆ. ವಿದ್ಯಾರ್ಥಿಯೊಬ್ಬ “ನಿಧಾನವಾದರೆ ಬಿದ್ದುಬಿಡುತ್ತೇನೆ” ಎಂಬ ಭಯದಿಂದ ಹತ್ತು ನಾಟ್ ಜಾಸ್ತಿ ಇಟ್ಟುಕೊಂಡು ಬರುತ್ತಾನೆ ಎನ್ನಿ. ವೇಗ ಹೆಚ್ಚಾದದ್ದು ಆರನೆಯ ಒಂದು ಪಾಲಿನಷ್ಟೂ ಇಲ್ಲ; ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಕರಗಿಸಬೇಕಾದ ಶಕ್ತಿ ಮೂರನೆಯ ಒಂದು ಪಾಲು ಹೆಚ್ಚಾಗಿರುತ್ತದೆ. ಅದನ್ನು ಕರಗಿಸುವುದೆಲ್ಲಿ? ನೆಲದಿಂದ ರೆಕ್ಕೆಯ ಅಗಲದಷ್ಟು ಎತ್ತರದೊಳಗೆ, ಅಂದರೆ ಈ ವಿಮಾನಕ್ಕೆ 36 ಅಡಿಯೊಳಗೆ, ಬಂದಾಗ ಗಾಳಿಯ ಎಳೆತ ಕಡಿಮೆಯಾಗಿ ವಿಮಾನ ಇಳಿಯಲು ಒಲ್ಲೆನೆಂದು ತೇಲುತ್ತಲೇ ಹೋಗುತ್ತದೆ. ಹಾಗೆ ತೇಲುವ ಪ್ರತಿ ಸೆಕೆಂಡೂ 30 ಮೀಟರಿಗಿಂತ ಹೆಚ್ಚು ರನ್‌ವೇಯನ್ನು ನುಂಗುತ್ತದೆ. ಹತ್ತು ಸೆಕೆಂಡು ತೇಲಿದರೆ ಸಾವಿರ ಅಡಿ ಹಿಂದೆ ಹೋಯಿತು. ಹತ್ತು ಸಾವಿರ ಅಡಿಯ ರನ್‌ವೇಯಲ್ಲಿ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮೂರು ಸಾವಿರ ಅಡಿಯ ತರಬೇತಿ ರನ್‌ವೇಯಲ್ಲಿ ಮೂರನೆಯ ಒಂದು ಭಾಗವೇ ಕೈಬಿಟ್ಟಂತೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ ಹಾರಿಸುವವರೇ ಎಂಬುದು. ಆದರೆ ಇದನ್ನು ದೂಷಣೆಯಾಗಿ ಓದಬಾರದು. ಯಂತ್ರದ ತಪ್ಪಾಗಿದ್ದರೆ ನಿಮ್ಮ ಮಗಳು ಮಾಡಬಹುದಾದದ್ದು ಅಷ್ಟೇನೂ ಇರುತ್ತಿರಲಿಲ್ಲ.

ಪ್ರಶ್ನೆ: ವೇಗ ಜಾಸ್ತಿಯಿದ್ದರೆ ವಿಮಾನವನ್ನು ಒತ್ತಿ ಚಕ್ರಗಳನ್ನು ನೆಲಕ್ಕೆ ಮುಟ್ಟಿಸಿ ಬ್ರೇಕ್ ಹಾಕಬಹುದಲ್ಲವೇ?
(ವಿಜ್ಞಾನ ವಿದ್ಯಾರ್ಥಿ, ಹಾಸನ)

ಉತ್ತರ: ಹೊಸಬರೆಲ್ಲರ ಕೈ ತಾನಾಗಿ ಮಾಡುವುದು ಇದನ್ನೇ. ಹೆಚ್ಚಿನ ಲ್ಯಾಂಡಿಂಗ್ ಅವಘಡಗಳು ಹುಟ್ಟುವುದೂ ಇಲ್ಲಿಯೇ.

ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಬೀಸಿ ಎಸೆದರೆ ಅದು ಮುಳುಗದೆ ಜಿಗಿಜಿಗಿದು ಹೋಗುತ್ತದಲ್ಲ, ಇನ್ನೂ ಹಾರುವಷ್ಟು ವೇಗವಿರುವ ವಿಮಾನವನ್ನು ನೆಲಕ್ಕೆ ಒತ್ತಿದರೆ ಆಗುವುದೂ ಹೆಚ್ಚುಕಡಿಮೆ ಅದೇ. ಚಕ್ರ ನೆಲಕ್ಕೆ ಬಡಿದು, ಮೂತಿ ಮೇಲೆದ್ದು, ರೆಕ್ಕೆಗೆ ಸಿಗುವ ಎತ್ತುಬಲ ಹೆಚ್ಚಿ, ವಿಮಾನ ಐದಾರು ಅಡಿ ಪುಟಿಯುತ್ತದೆ. ಗಾಬರಿಯಾದ ಪೈಲಟ್ ಮೂತಿಯನ್ನು ಕೆಳಕ್ಕೆ ಒತ್ತುತ್ತಾನೆ. ಆತನ ಕೈ ಕೆಲಸ ಮಾಡುವಷ್ಟರಲ್ಲಿ ವಿಮಾನ ತಾನೇ ಇಳಿಯಲು ಶುರು ಮಾಡಿರುವುದರಿಂದ ಎರಡೂ ಸೇರಿ ಈ ಬಾರಿ ಮುಂದಿನ ಚಕ್ರವೇ ಮೊದಲು ಬಡಿಯುತ್ತದೆ. ಎರಡನೆಯ ಪುಟಿತ ಮೊದಲನೆಯದಕ್ಕಿಂತ ಎತ್ತರ, ಮೂರನೆಯದು ಅದಕ್ಕಿಂತಲೂ ಎತ್ತರ. ಮುಂದಿನ ಚಕ್ರದ ಕಾಲು ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ಉರುಳಿಕೊಂಡು ಹೋಗುವಾಗ, ದಿಕ್ಕು ತಿರುಗಿಸಲು ಇರುವಂಥದ್ದು, ವಿಮಾನದ ಭಾರವನ್ನೆಲ್ಲ ಹೊರಲು ಅಲ್ಲ. ಮೂರನೆಯ ಹೊಡೆತಕ್ಕೆ ಎಂಜಿನ್ನಿನ ಹಿಂದಿನ ತಗಡಿನ ಗೋಡೆ ಸುಕ್ಕುಗಟ್ಟುತ್ತದೆ, ಇಲ್ಲವೇ ಪ್ರೊಪೆಲರ್ ನೆಲ ಕೆರೆಯುತ್ತದೆ. ತಿರುಗುತ್ತಿರುವ ಪ್ರೊಪೆಲರ್ ನೆಲಕ್ಕೆ ತಾಗಿತೆಂದರೆ ಎಂಜಿನ್ನನ್ನು ಬಿಚ್ಚಿ ಪರೀಕ್ಷಿಸದೆ ಮತ್ತೆ ಹಾರಿಸುವಂತಿಲ್ಲ.

ಬ್ರೇಕ್‌ನ ವಿಷಯ. ರೆಕ್ಕೆಗಳು ಇನ್ನೂ ಭಾರವನ್ನು ಹೊತ್ತಿರುವಾಗ ಚಕ್ರಗಳ ಮೇಲೆ ತೂಕ ಬಿದ್ದಿರುವುದಿಲ್ಲ. ಆಗ ಬ್ರೇಕ್ ತುಳಿದರೆ ಚಕ್ರ ಸಿಕ್ಕಿಕೊಂಡು ಟೈರ್ ಸವೆಯುತ್ತದೆಯೇ ಹೊರತು ವಿಮಾನ ನಿಲ್ಲುವುದಿಲ್ಲ.

ಒಂದು ಮಧ್ಯಾಹ್ನದ ಘಟನೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಇಪ್ಪತ್ತು ಗಂಟೆ ಹಾರಿದ್ದ ಹುಡುಗ, ಬುದ್ಧಿವಂತ, ಕೈ ಮಾತ್ರ ಸ್ವಲ್ಪ ಬಿಗಿ. ವೇಗ ಜಾಸ್ತಿಯಿದೆ ಎಂದು ನಾನು ಎರಡು ಸಲ ಹೇಳಿದೆ. “ಹೌದು ಸರ್” ಎಂದ, ಆದರೆ ಮುಳ್ಳು 75ರಿಂದ ಕದಲಲಿಲ್ಲ. ತೇಲಿದೆವು, ತಾಳ್ಮೆಗೆಟ್ಟು ಒತ್ತಿದ, ಪುಟಿದೆವು. ಎರಡನೆಯ ಪುಟಿತದ ನೆತ್ತಿಯಲ್ಲಿ ರೆಕ್ಕೆಗಳು ಎತ್ತುಬಲ ಕಳೆದುಕೊಳ್ಳಲಿವೆ ಎಂದು ಸಾರುವ ಸ್ಟಾಲ್ ಎಚ್ಚರಿಕೆಯ ಪೀಪಿ ಕುಂಯ್ಗುಟ್ಟತೊಡಗಿದಾಗ “ಐ ಹ್ಯಾವ್ ಕಂಟ್ರೋಲ್” ಎಂದು ನಾನು ಎಂಜಿನ್ನಿನ ಶಕ್ತಿ ಹೆಚ್ಚಿಸುವ ಥ್ರಾಟಲ್ಲನ್ನು ಕೊನೆಯವರೆಗೆ ತಳ್ಳಿದೆ. ಆತನ ಬೆರಳುಗಳು ಯೋಕ್ ಎಂಬ ಹಿಡಿಕೆಯ ಮೇಲೆ ಎಷ್ಟು ಬಿಗಿಯಾಗಿದ್ದವೆಂದರೆ, ಮತ್ತೊಮ್ಮೆ ಗದರಿದ ಮೇಲಷ್ಟೇ ಬಿಟ್ಟವು. ಇನ್ನೊಂದು ಸುತ್ತು ಹಾಕಿ ಇಳಿದು ಎಂಜಿನ್ ಆರಿಸಿದ ಬಳಿಕ ಆತ ಮೊದಲು ಕೇಳಿದ್ದು, “ಸರ್, ಇದನ್ನು ಲಾಗ್‌ಬುಕ್‌ನಲ್ಲಿ ಬರೆಯಬೇಕಾ?” ಎಂದು. ಪುಟಿದದ್ದರ ಬಗ್ಗೆ ಅಲ್ಲ. ಮತ್ತೆ ಮೇಲೇರಿದ್ದು ಬರಹಕ್ಕೆ ಬರುತ್ತದೆಯೇ ಎಂದು.

ಪ್ರಶ್ನೆ: ಜಕ್ಕೂರಿನ ಹತ್ತಿರ ವಾಸವಿದ್ದೇನೆ. ಸಣ್ಣ ವಿಮಾನಗಳು ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಸದ್ದು ಜೋರು ಮಾಡಿ ಮತ್ತೆ ಏರುವುದನ್ನು ನೋಡಿದ್ದೇನೆ. ಅದು ವಿಫಲ ಲ್ಯಾಂಡಿಂಗೇ?
(ನಿವೃತ್ತ ಶಿಕ್ಷಕಿ, ಬೆಂಗಳೂರು)

ಉತ್ತರ: ನೀವು ನೋಡಿದ್ದು ಎರಡರಲ್ಲಿ ಒಂದಾಗಿರಬಹುದು. ಚಕ್ರ ತಾಗಿಸಿ, ನಿಲ್ಲದೆ ಓಡಿ, ಮತ್ತೆ ಏರುವುದು ಅಭ್ಯಾಸದ ಒಂದು ಕ್ರಮ. ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿರುವ ಜಕ್ಕೂರಿನಂಥ ಜಾಗದಲ್ಲಿ ಅದು ಸಹಜ. ಇನ್ನೊಂದು, ಇಳಿಯುವುದು ಸರಿಹೋಗುತ್ತಿಲ್ಲವೆಂದು ಕಂಡು ಆ ಪ್ರಯತ್ನವನ್ನು ಕೈಬಿಟ್ಟು ಮೇಲೇರುವುದು. ಇದಕ್ಕೆ ಗೋ-ಅರೌಂಡ್ ಎನ್ನುತ್ತಾರೆ. ಟೀಚರ್ ಆಗಿದ್ದವರಿಗೆ ನಾನು ಧೈರ್ಯವಾಗಿ ಹೇಳಬಲ್ಲೆ: ಅದು ವಿಫಲವಾದ ಲ್ಯಾಂಡಿಂಗ್ ಅಲ್ಲ, ಉತ್ತರ ತಪ್ಪೆಂದು ತಿಳಿದ ಮಗು ಸ್ಲೇಟು ಒರೆಸಿಕೊಂಡಂತೆ.

ಆದರೆ ನಮ್ಮಲ್ಲಿ ಸ್ಲೇಟು ಒರೆಸಿಕೊಳ್ಳುವುದಕ್ಕೆ ಮರ್ಯಾದೆಯಿಲ್ಲ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲವನ್ನೂ ಮೊದಲ ಅಟೆಂಪ್ಟ್‌ನಲ್ಲೇ ಪಾಸಾಗಬೇಕೆಂದು ಬೆಳೆದ ಮಕ್ಕಳು ಕಾಕ್‌ಪಿಟ್‌ಗೂ ಅದೇ ಮನಸ್ಸನ್ನು ಹೊತ್ತು ತರುತ್ತಾರೆ. ಕೆಳಗೆ ಹ್ಯಾಂಗರ್ ಮುಂದೆ ಕುಳಿತ ಗೆಳೆಯರು ನೋಡುತ್ತಿದ್ದಾರೆ, ಹಾರಾಟದ ಪ್ರತಿ ಗಂಟೆಗೂ ಅಪ್ಪ ಕಟ್ಟಿದ ಹಣ ಉರಿಯುತ್ತಿದೆ, ಮೇಲೆ ಹೋದರೆ ಇನ್ನೂ ಆರೇಳು ನಿಮಿಷದ ಬಾಬತ್ತು. ಇವೆಲ್ಲ ಸೇರಿ ಕಿವಿಯಲ್ಲಿ ಹೇಳುವುದು ಒಂದೇ ಮಾತು: ಇಳಿಸಿಬಿಡು. ನಾನು ಕಲಿಸುವಾಗ ಈ ಮಾತನ್ನು ತಿರುವುಮುರುವು ಮಾಡಲು ಪ್ರಯತ್ನಿಸುತ್ತಿದ್ದೆ. ಪ್ರತಿ ಸಲವೂ ಮೇಲೇರುವುದೇ ಗೊತ್ತಾದ ಯೋಜನೆ, ವೇಗ, ಎತ್ತರ, ದಿಕ್ಕು ಈ ಮೂರೂ ಒಪ್ಪಿದರೆ ಮಾತ್ರ ಇಳಿಯಲು ಅನುಮತಿ ಎಂದು ಹೇಳಿಕೊಡುತ್ತಿದ್ದೆ. ಸಣ್ಣ ವಿಮಾನದಲ್ಲಿ ನೆಲದಿಂದ 500 ಅಡಿ ಎತ್ತರದಲ್ಲಿರುವಾಗ ಈ ಮೂರೂ ಕೂಡಿಬಂದಿರದಿದ್ದರೆ ಮುಂದೆ ಕೂಡಿಬರುತ್ತದೆಂದು ಕಾಯುತ್ತ ಕೂರಬಾರದು.

ಮೇಲೇರುವ ಕೆಲಸವೂ ನೋಡಿದಷ್ಟು ಸುಲಭವಲ್ಲ. ಪೂರ್ತಿ ಥ್ರಾಟಲ್ ಕೊಟ್ಟ ಕೂಡಲೆ ಮೂತಿ ತಾನಾಗಿ ಮೇಲೇಳುತ್ತದೆ, ಎಡಕ್ಕೂ ಎಳೆಯುತ್ತದೆ. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು, ಬಲಗಾಲಿನಲ್ಲಿ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಕೊಟ್ಟು, ಇಳಿಯಲೆಂದು ಪೂರ್ತಿ ಬಿಟ್ಟಿದ್ದ, ರೆಕ್ಕೆಯ ಹಿಂಬದಿಯ ಪಟ್ಟಿಗಳಾದ ಫ್ಲ್ಯಾಪ್‌ಗಳನ್ನು ಒಮ್ಮೆಗೇ ಮಡಚದೆ ಹಂತಹಂತವಾಗಿ, ವೇಗ ಏರಿದಂತೆಲ್ಲ ಮೇಲೆತ್ತಬೇಕು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಪ್ರಶ್ನೆಯಲ್ಲಿ ಅದು ಮತ್ತೆ ಬರುತ್ತದೆ.

ಪ್ರಶ್ನೆ: ಮೇಲೇರುವುದೇ ಸುರಕ್ಷಿತ ಎನ್ನುತ್ತೀರಿ. ಆದರೆ ನಾನು ವಾಸವಿರುವ ಹ್ಯೂಸ್ಟನ್‌ನಲ್ಲಿ 2016ರಲ್ಲಿ ಹಾಗೆ ಮೇಲೇರುವಾಗಲೇ ಒಂದು ಸಣ್ಣ ವಿಮಾನ ಬಿದ್ದು ಮೂವರು ತೀರಿಕೊಂಡರು. ಇದಕ್ಕೇನು ಹೇಳುತ್ತೀರಿ?
(ಧಾರವಾಡ ಮೂಲದ ಓದುಗರು, ಅಮೆರಿಕ)

ಉತ್ತರ: ಒಳ್ಳೆಯ ಕಡೆ ಹಿಡಿದಿರಿ. 2016ರ ಜೂನ್ 9ರಂದು ಓಕ್ಲಹೋಮ ರಾಜ್ಯದ ನಾರ್ಮನ್‌ನಿಂದ ಹೊರಟ ಸಿರಸ್ ಎಸ್‌ಆರ್20 ವಿಮಾನ ಹ್ಯೂಸ್ಟನ್‌ನ ಹಾಬಿ ವಿಮಾನ ನಿಲ್ದಾಣದ ಹೊರಗೆ, ಒಂದು ಹಾರ್ಡ್‌ವೇರ್ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ನಿಂತಿದ್ದ ಕಾರಿನ ಮೇಲೆ ಬಿತ್ತು. ಅಮೆರಿಕದ ಅಪಘಾತ ತನಿಖಾ ಮಂಡಳಿಯಾದ ಎನ್‌ಟಿಎಸ್‌ಬಿ ಕೊಟ್ಟ ವರದಿಯನ್ನು ಲ್ಯಾಂಡಿಂಗ್ ಕಲಿಸುವವರೆಲ್ಲ ಒಮ್ಮೆ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಹಾಬಿ ದೊಡ್ಡ ಜೆಟ್‌ಗಳು ಒಂದರ ಹಿಂದೊಂದು ಇಳಿಯುವ ನಿಲ್ದಾಣ. ಮೊದಲ ಪ್ರಯತ್ನದಲ್ಲಿ ಹಿಂದಿನಿಂದ ಬರುತ್ತಿದ್ದ ಬೋಯಿಂಗ್ 737 ವೇಗವಾಗಿ ಸಮೀಪಿಸಿತೆಂದು, ರೇಡಿಯೋದಲ್ಲಿ ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲರ್ ಈ ಪುಟ್ಟ ವಿಮಾನಕ್ಕೆ ಇಳಿಯಬೇಡವೆಂದರು. ಆಮೇಲೆ ಬೇರೊಂದು ರನ್‌ವೇ ಕೊಟ್ಟರು. ಅಲ್ಲಿಗೆ ಎರಡು ಸಲ ಬಂದಾಗಲೂ ವಿಮಾನ ತೀರ ಎತ್ತರದಲ್ಲಿತ್ತು. ಮೂರೂ ಬಾರಿ ಪೈಲಟ್ ಇಳಿಸಲೇಬೇಕೆಂದು ಹಟ ಮಾಡಲಿಲ್ಲ, ಮೇಲೇರಿದರು. ಅಲ್ಲಿಯವರೆಗಿನ ಅವರ ವಿವೇಚನೆಯನ್ನು ಯಾರೂ ತಪ್ಪೆನ್ನಲಾರರು. ಮೂರನೆಯ ಸಲ ಮೇಲೇರುವಾಗ ಸಾಕಷ್ಟು ವೇಗ ಬರುವ ಮೊದಲೇ ಫ್ಲ್ಯಾಪ್ ಮಡಚಿದ್ದರಿಂದ, ಜೊತೆಗೆ ತಿರುವಿನಲ್ಲೂ ಇದ್ದುದರಿಂದ, ರೆಕ್ಕೆಗಳು ಎತ್ತುಬಲ ಕಳೆದುಕೊಂಡು ವಿಮಾನ ಸುತ್ತುತ್ತ ಬಿತ್ತು. ಸಿರಸ್ ವಿಮಾನಗಳಲ್ಲಿ ಇಡೀ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಚೂಟ್ ಇರುತ್ತದೆ. ಅದು ಬಿಚ್ಚಿಕೊಳ್ಳಲು ಬೇಕಾದಷ್ಟು ಎತ್ತರ ಅಲ್ಲಿರಲಿಲ್ಲ.

ತನಿಖಾ ಮಂಡಳಿ ಪೈಲಟ್‌ನ ಗೋ-ಅರೌಂಡ್ ಕ್ರಮವನ್ನು ಮುಖ್ಯ ಕಾರಣವೆಂದು ಗುರುತಿಸಿ ಅಷ್ಟಕ್ಕೇ ನಿಲ್ಲಲಿಲ್ಲ. ವಿಮಾನವನ್ನು ನಿಲ್ದಾಣದ ಸುತ್ತಲೇ ಇಟ್ಟುಕೊಂಡ ಒಬ್ಬ ಕಂಟ್ರೋಲರ್‌ನ ತೀರ್ಮಾನವನ್ನೂ, ತಲೆ ತುಂಬ ಕೆಲಸವಿರುವ ಹೊತ್ತಿನಲ್ಲಿ ಅನಗತ್ಯವಾಗಿ ಜಟಿಲವಾದ ಸೂಚನೆ ಕೊಟ್ಟ ಇನ್ನೊಬ್ಬರನ್ನೂ ಪೂರಕ ಕಾರಣಗಳಲ್ಲಿ ಸೇರಿಸಿತು. ಅದರ ಜೊತೆಗೇ, ಪೈಲಟ್ ತನಗೆ ಬೇಕಾದದ್ದನ್ನು ಗಟ್ಟಿಯಾಗಿ ಕೇಳಲಿಲ್ಲ ಎಂದೂ ಹೇಳಿತು. ಇದೇ ನನ್ನನ್ನು ಹೆಚ್ಚು ಕಾಡುವ ಭಾಗ. “ನನಗೆ ಎರಡು ನಿಮಿಷ ಬೇಕು, ಸ್ವಲ್ಪ ದೂರ ಹೋಗಿ ನೇರವಾಗಿ ಬರುತ್ತೇನೆ” ಎನ್ನಲು ಪೈಲಟ್‌ಗೆ ಹಕ್ಕಿದೆ. ಆದರೆ ರೇಡಿಯೋದಲ್ಲಿ ಕೇಳಿಬರುವ ಅಧಿಕಾರದ ದನಿಗೆ ಪ್ರತಿಯಾಗಿ “ಆಗುವುದಿಲ್ಲ” ಎನ್ನುವುದು ನಮ್ಮ ಮಕ್ಕಳಿಗಂತೂ ಎಷ್ಟು ಕಷ್ಟವೆಂಬುದನ್ನು ನಾನು ದಿನವೂ ನೋಡಿದ್ದೇನೆ. ತರಗತಿಯಲ್ಲಿ ಮೇಷ್ಟ್ರ ಎದುರು ಬಾಯಿ ತೆರೆಯದವರು ಗಾಳಿಯಲ್ಲಿ ಕಂಟ್ರೋಲರ್ ಎದುರು ತೆರೆದಾರೆಯೇ?

ಗೋ-ಅರೌಂಡ್ ಸುರಕ್ಷಿತವೆಂದು ನಾನು ಹೇಳಿದ್ದು ಬೇಗ ತೀರ್ಮಾನಿಸಿದ, ಚೆನ್ನಾಗಿ ಅಭ್ಯಾಸವಾದ ಗೋ-ಅರೌಂಡ್ ಬಗ್ಗೆ. ವರ್ಷಕ್ಕೊಮ್ಮೆ ಪರೀಕ್ಷೆಗೆಂದು ಮಾಡಿ ಮರೆತುಬಿಟ್ಟದ್ದು ಆಪತ್ತಿನಲ್ಲಿ ಕೈಗೆ ಬರುವುದಿಲ್ಲ.

ಪ್ರಶ್ನೆ: ಇಳಿಯುವ ಮುಂಚಿನ ಕೊನೆಯ ತಿರುವು ಅಪಾಯಕಾರಿ ಎಂದು ಓದಿದೆ. ತಿರುವಿನಲ್ಲೇನು ಅಪಾಯ?
(ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ನೆಲಕ್ಕೆ ಬಡಿಯುವ ಅವಘಡಗಳಲ್ಲಿ ಸಾವು ಕಡಿಮೆ ಎಂದೆನಲ್ಲ, ಆ ಮಾತು ಈ ತಿರುವಿಗೆ ಅನ್ವಯಿಸುವುದಿಲ್ಲ. ಇಲ್ಲಿ ತಪ್ಪಿದವರು ಬದುಕುವುದು ಅಪರೂಪ.

ವಿಮಾನ ಓರೆಯಾಗಿ, ಎತ್ತರ ಬಿಡದೆ ತಿರುಗುವಾಗ ರೆಕ್ಕೆಗಳು ತೂಕವನ್ನೂ ಹೊರಬೇಕು, ತಿರುವಿನ ಬಲವನ್ನೂ ಕೊಡಬೇಕು. ನೇರ ಹಾರಾಟದಲ್ಲಿ 48 ನಾಟ್‌ಗೆ ಎತ್ತುಬಲ ಕಳೆದುಕೊಳ್ಳುವ ವಿಮಾನ 45 ಡಿಗ್ರಿ ಓರೆಯಲ್ಲಿ 57 ನಾಟ್‌ಗೇ ಕಳೆದುಕೊಳ್ಳುತ್ತದೆ, 60 ಡಿಗ್ರಿಯಲ್ಲಿ 68ಕ್ಕೆ. ಇಳಿಯಲು ಬರುವ ವೇಗ 65 ಎಂದು ಮೇಲೆ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಈಗ ಪೈಲಟ್ ತಿರುವನ್ನು ತಡವಾಗಿ ಶುರು ಮಾಡಿದನೆನ್ನಿ, ಇಲ್ಲವೇ ಗಾಳಿ ಹಿಂದಿನಿಂದ ನೂಕಿತೆನ್ನಿ. ರನ್‌ವೇಯ ನೇರವನ್ನು ದಾಟಿ ಆಚೆಗೆ ಹೋಗುತ್ತಾನೆ. ಇಷ್ಟು ಕೆಳಗೆ ಹೆಚ್ಚು ಓರೆ ಮಾಡಲು ಭಯ. ಆದ್ದರಿಂದ ರಡ್ಡರ್ ಒತ್ತಿ ಮೂತಿಯನ್ನಷ್ಟೇ ರನ್‌ವೇಯ ಕಡೆಗೆ ಎಳೆಯುತ್ತಾನೆ. ಹೊರಗಿನ ರೆಕ್ಕೆ ವೇಗವಾಗಿ ಸಾಗಿ ಮೇಲೇಳುತ್ತದೆ, ಓರೆ ಇನ್ನೂ ಹೆಚ್ಚುತ್ತದೆ. ಅದನ್ನು ತಡೆಯಲು ಆತ ವಿರುದ್ಧ ದಿಕ್ಕಿಗೆ ಐಲರಾನ್ (ವಿಮಾನವನ್ನು ಓರೆ ಮಾಡುವ ರೆಕ್ಕೆತುದಿಯ ಹಲಗೆ) ಕೊಡುತ್ತಾನೆ, ಕೆಳಗಿಳಿಯುವ ಮೂತಿಯನ್ನು ಮೇಲಕ್ಕೆ ಸೆಳೆಯುತ್ತಾನೆ. ಕೈಕಾಲುಗಳು ಒಂದಕ್ಕೊಂದು ಎದುರಾಗಿ ಕೆಲಸ ಮಾಡುತ್ತಿರುವ ಈ ಸ್ಥಿತಿಯಲ್ಲಿ ಒಳಗಿನ ರೆಕ್ಕೆ ಮೊದಲು ಸೋತು ವಿಮಾನ ಆ ಕಡೆಗೆ ಮಗುಚುತ್ತದೆ. ಅಲ್ಲಿಂದ ಸಾವರಿಸಿಕೊಳ್ಳಲು ತರಬೇತಿ ವಿಮಾನಕ್ಕೆ ಸುಮಾರು ಸಾವಿರ ಅಡಿಯಾದರೂ ಬೇಕು. ಆ ಜಾಗದಲ್ಲಿ ಇರುವುದು ನಾಲ್ಕೈದು ನೂರು.

ದಾಟಿ ಹೋದಿರಾ? ರೆಕ್ಕೆ ಸಮ ಮಾಡಿ, ಥ್ರಾಟಲ್ ತಳ್ಳಿ, ಮೇಲೇರಿ. ರನ್‌ವೇ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಶ್ನೆ: 2010ರ ಮಂಗಳೂರು ದುರಂತವೂ ಇಂಥದ್ದೇ ತಪ್ಪೇ?
(ಓದುಗರೊಬ್ಬರು, ಬಜ್ಪೆ)

ಉತ್ತರ: ವಿಮಾನ ಬೇರೆ, ಮನಸ್ಸಿನ ತಪ್ಪು ಅದೇ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಬೋಯಿಂಗ್ 737-800 ವಿಮಾನ 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದ ಕ್ಯಾಪ್ಟನ್ ಮಂಪರು ಪೂರ್ತಿ ಹರಿಯದ ಸ್ಥಿತಿಯಲ್ಲಿ, ಎತ್ತರವೂ ವೇಗವೂ ಹೆಚ್ಚಿದ್ದರೂ ಇಳಿಸಲು ಮುಂದಾದರೆಂದೂ, ಸಹ ಪೈಲಟ್ ಮೂರು ಬಾರಿ ಗೋ-ಅರೌಂಡ್ ಮಾಡುವಂತೆ ಹೇಳಿದರೂ ಕೇಳಲಿಲ್ಲವೆಂದೂ ತನಿಖೆ ಹೇಳಿತು. ಇನ್ನೂ ಒಂದು ಸಂಗತಿಯಿದೆ. ನೆಲ ಮುಟ್ಟಿ, ಎಂಜಿನ್ನುಗಳ ಹಿಮ್ಮುಖ ಒತ್ತಡವನ್ನು ಬಳಸತೊಡಗಿದ ಮೇಲೆ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಏರಲು ಯತ್ನಿಸಿದರು. ಆಗಲಾದರೂ ಪೂರ್ತಿ ಬ್ರೇಕ್ ಹಾಕಿದ್ದರೆ ವಿಮಾನ ಗಟ್ಟಿನೆಲದೊಳಗೇ ನಿಲ್ಲಬಹುದಿತ್ತೆಂಬುದು ವರದಿಯ ಅಭಿಪ್ರಾಯ. ಮೇಲೇರುವ ತೀರ್ಮಾನಕ್ಕೂ ಒಂದು ಹೊತ್ತಿದೆ, ಅದು ಮೀರಿದರೆ ಅದೇ ತೀರ್ಮಾನ ಅಪಾಯವಾಗುತ್ತದೆ.

ದೊಡ್ಡ ವಿಮಾನದಲ್ಲಿ “ಬೇಡ” ಎನ್ನಲು ಪಕ್ಕದಲ್ಲಿ ಒಬ್ಬರಾದರೂ ಇದ್ದರು. ಒಂಟಿಯಾಗಿ ಹಾರುವ ವಿದ್ಯಾರ್ಥಿಗೆ ಆ ದನಿಯೂ ತನ್ನೊಳಗಿನಿಂದಲೇ ಬರಬೇಕು.

ಪ್ರಶ್ನೆ: ಬೇಸಿಗೆಯ ಬಿಸಿಲಿಗೂ ಲ್ಯಾಂಡಿಂಗ್‌ಗೂ ಸಂಬಂಧವಿದೆಯೇ? ಅಡ್ಡಗಾಳಿಯ ಬಗ್ಗೆಯೂ ಹೇಳಿ.
(ಓದುಗರೊಬ್ಬರು, ಕೋಲಾರ)

ಉತ್ತರ: ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪುಸ್ತಕದ ಲೆಕ್ಕದಂತೆ ಇರಬೇಕಾದ ತಾಪಮಾನ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಇರುವುದು 34. ಬಿಸಿಗಾಳಿ ತೆಳುವಾದ್ದರಿಂದ ವಿಮಾನದ ಪಾಲಿಗೆ ಅದು ಸುಮಾರು 6,000 ಅಡಿ ಎತ್ತರದ ಊರು. ಮೀಟರಿನ ಮುಳ್ಳು ಅದೇ 65 ನಾಟ್ ತೋರಿಸುತ್ತಿದ್ದರೂ ನೆಲದ ಮೇಲಿನ ನಿಜವೇಗ ಶೇಕಡಾ 9ರಷ್ಟು ಹೆಚ್ಚು. ಓಡಬೇಕಾದ ದೂರ ಶೇಕಡಾ 20ರಷ್ಟು ಹೆಚ್ಚು. ಮೇಲೇರಬೇಕಾಗಿ ಬಂದರೆ ಎಂಜಿನ್ನೂ ಅದೇ ತೆಳುಗಾಳಿಯನ್ನೇ ಉಸಿರಾಡಬೇಕು, ಏರುವುದು ಸೋಮಾರಿಯಾಗುತ್ತದೆ. ಕರಾವಳಿಯಲ್ಲಿ ಕಲಿತು ಬಂದವರಿಗೆ ಇದು ಮೊದಲ ದಿನ ಬೆರಗು ಹುಟ್ಟಿಸುತ್ತದೆ.

ಅಡ್ಡಗಾಳಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸೆಸ್ನಾ 172ರ ಕೈಪಿಡಿಯಲ್ಲಿ 15 ನಾಟ್ ಎಂದಿರುವುದು ತಯಾರಕರ ಪೈಲಟ್ ಮಾಡಿ ತೋರಿಸಿದ ಅಂಕಿ. ವಿಮಾನದ ಮಿತಿ ಅದೆಂದು ಕೈಪಿಡಿ ಹೇಳುವುದಿಲ್ಲ. ಹೊಸಬರ ಮಿತಿ ಅದಕ್ಕಿಂತ ಬಹಳ ಕೆಳಗಿರಬೇಕು, ಆ ಮಿತಿಯನ್ನು ಹಾರುವ ಮೊದಲು ನೆಲದ ಮೇಲೆಯೇ ಬರೆದಿಟ್ಟುಕೊಂಡಿರಬೇಕು.

ಹಿಂದಿನಿಂದ ಬೀಸುವ ಗಾಳಿಯ ಬಗ್ಗೆ ಮಾತ್ರ ನನ್ನದೇ ಒಂದು ತಪ್ಪೊಪ್ಪಿಗೆಯಿದೆ. ಅದೇ ಕೈಪಿಡಿಯ ಪ್ರಕಾರ ಹಿಂದಿನಿಂದ ಬೀಸುವ ಪ್ರತಿ 2 ನಾಟ್ ಗಾಳಿಗೆ ಇಳಿಯಲು ಬೇಕಾದ ದೂರ ಶೇಕಡಾ 10ರಷ್ಟು ಹೆಚ್ಚುತ್ತದೆ. ಇದನ್ನು ನಾನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದವನು. ಒಂದು ಸಂಜೆ ಮುಂಗಾರುಪೂರ್ವ ಮೋಡ ಕಟ್ಟುತ್ತಿತ್ತು; ಸುತ್ತು ಹಾಕಿ ಎದುರುಗಾಳಿಗೆ ಇಳಿಯುವಷ್ಟರಲ್ಲಿ ಮಳೆ ಹಿಡಿಯುತ್ತದೆಂದು, ಗಾಳಿಚೀಲ ನನಗೆ ಬೆನ್ನು ತೋರಿಸುತ್ತಿದ್ದರೂ ನೇರವಾಗಿ ಇಳಿಸಿದೆ. ರನ್‌ವೇಯ ಅಂಚಿನ ಹುಲ್ಲಿಗೆ ಹದಿನೈದು ಅಡಿ ಇರುವಾಗ ವಿಮಾನ ನಿಂತಿತು. ಬ್ರೇಕ್‌ನ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿತ್ತು. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದವರು “ಮಳೆಗೆ ಮುಂಚೆ ತಂದುಬಿಟ್ಟಿರಲ್ಲ, ಭಾರಿ ಕೈ ಸರ್ ನಿಮ್ಮದು” ಎಂದರು. ನಾನೂ ನಕ್ಕು ಚಹಾ ಕುಡಿದೆ. ಅವಘಡವಾಗದ ಕಾರಣ ಅದು ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ. ನನ್ನ ಲೆಕ್ಕದಲ್ಲಿ ಅದು ಎಷ್ಟೋ ದಿನ ಒಳ್ಳೆಯ ಲ್ಯಾಂಡಿಂಗ್ ಆಗಿಯೇ ಇತ್ತು. ತಪ್ಪು ತೀರ್ಮಾನ ಮಾಡಿಯೂ ಸುಖವಾಗಿ ಇಳಿದವನಿಗೆ ಆ ತಪ್ಪು ಮುಂದಿನ ಸಲ ಅನುಭವವೆಂದು ಕಾಣಿಸುತ್ತದೆ. ಪುಟಿದು ಪ್ರೊಪೆಲರ್ ಬಾಗಿಸಿಕೊಂಡ ವಿದ್ಯಾರ್ಥಿಗಿಂತ, ಹಾಗೆ ಪಾರಾದ ಹಳೆಯ ಪೈಲಟ್‌ನ ಬಗ್ಗೆ ನನಗೆ ಹೆಚ್ಚು ಭಯ.

ಪ್ರಶ್ನೆ: ಮಗಳನ್ನು ಸೇರಿಸುವ ಮುನ್ನ ತರಬೇತಿ ಕೇಂದ್ರದವರನ್ನು ಏನು ಕೇಳಬೇಕು?
(ಮೇಲಿನ ತಿಪಟೂರಿನ ಓದುಗರೇ)

ಉತ್ತರ: ಶುಲ್ಕ, ವಿಮಾನಗಳ ಸಂಖ್ಯೆ, ವಾಣಿಜ್ಯ ಪೈಲಟ್ ಪರವಾನಗಿಗೆ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಕೇಳುವ 200 ಗಂಟೆಗಳು ಎಷ್ಟು ತಿಂಗಳಲ್ಲಿ ಮುಗಿಯುತ್ತವೆ ಎಂಬುದನ್ನು ನೀವು ಹೇಗೂ ಕೇಳುತ್ತೀರಿ. ಅವುಗಳ ಜೊತೆ ಇನ್ನೆರಡನ್ನು ಕೇಳಿ. ಮೊದಲ ಸೋಲೋ ಹಾರಾಟಕ್ಕೆ ಬಿಡುವ ಮುನ್ನ ಎಷ್ಟು ಗೋ-ಅರೌಂಡ್ ಮಾಡಿಸುತ್ತೀರಿ, ಅದರಲ್ಲಿ ಎಷ್ಟನ್ನು ವಿದ್ಯಾರ್ಥಿಯೇ ತೀರ್ಮಾನಿಸುವಂತೆ ಬಿಡುತ್ತೀರಿ ಎಂಬುದು ಒಂದು. ಪುಟಿದು ಜೋರಾಗಿ ಇಳಿದೆನೆಂದು ವಿದ್ಯಾರ್ಥಿ ತಾನಾಗಿ ಬಂದು ಹೇಳಿದರೆ ಮುಂದೇನಾಗುತ್ತದೆ ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಗೆ ಅವರು “ಮೆಕ್ಯಾನಿಕ್ ವಿಮಾನ ನೋಡುತ್ತಾರೆ, ಇನ್‌ಸ್ಟ್ರಕ್ಟರ್ ಕೂತು ಮಾತಾಡುತ್ತಾರೆ” ಎಂದರೆ ಅರ್ಜಿ ತೆಗೆದುಕೊಳ್ಳಿ. “ನಮ್ಮಲ್ಲಿ ಹಾಗೆಲ್ಲ ಆಗುವುದೇ ಇಲ್ಲ” ಎಂದರೆ ನಮಸ್ಕಾರ ಹೇಳಿ ಮುಂದಿನ ಬಸ್ಸಿಗೆ ತಿಪಟೂರಿಗೆ ಹೊರಟುಬನ್ನಿ.